ವಾಮನನ ವಧುಪರೀಕ್ಷೆ

ಡಚ್ಚರ ಊರಾದ ಡೆಲ್ಫ್ಟ್‌ನಲ್ಲಿ ವಾಮನನೂ ಅವನ ಹೆಂಡತಿ ಮೈಥಿಲಿಯೂ ಇದ್ದದ್ದು ಒಂದು ಅಟ್ಟದಲ್ಲಿ. ನೆಟ್ಟಗೆ ನಿಂತರೆ ತೊಲೆ ಹಣೆಗೆ ಬಡಿಯುತ್ತಿತ್ತು. (ಮೈಥಿಲಿಗೆ ಬಡಿಯುತ್ತಿರಲಿಲ್ಲ, ಅವಳು ನೋಡಿಕೊಂಡು ನಡೆಯುವವಳು.) ಆ ಅಟ್ಟವನ್ನೂ ತಿಂಗಳ ಕೊನೆಗೆ ಖಾಲಿ ಮಾಡಬೇಕಿತ್ತು. ಅವಳ ಪಿಎಚ್.ಡಿ. ಸಂಬಳಕ್ಕೂ ಇವನ ಅರೆಹೊತ್ತಿನ ಕೆಲಸಕ್ಕೂ ಎಟುಕುವಂತಿದ್ದದ್ದು ಒಂದೇ ಮನೆ: ಸರ್ಕಾರದ ತೆರಿಗೆ ರಿಯಾಯಿತಿಯಿಂದ ಕಟ್ಟಿದ, ಕಡಿಮೆ ಬಾಡಿಗೆಯ, ಕಾಲುವೆ ಪಕ್ಕದ ಒಂದು ವಠಾರದಲ್ಲಿ. ಆದರೆ ಅಲ್ಲೊಂದು ಪದ್ಧತಿ. ಹೊಸಬರನ್ನು ವಠಾರದವರೇ ಕಾಫಿಗೆ ಕರೆದು, ನೋಡಿ, ಒಪ್ಪಬೇಕು.

"ಇದು ಹೆಣ್ಣು ನೋಡೋ ಶಾಸ್ತ್ರಾನೇ ಕಣೇ. ನಂಗೆ ಎಕ್ಸ್‌ಪೀರಿಯನ್ಸ್ ಇದೆ, ಬಿಡು," ಎಂದ ವಾಮನ.

"ನಿಮಗಿರೋದು ನೋಡೋ ಎಕ್ಸ್‌ಪೀರಿಯನ್ಸು. ನೋಡಿಸ್ಕೊಳ್ಳೋದು ಬೇರೆ," ಎಂದಳು ಮೈಥಿಲಿ.

ಮೈಸೂರಿನಲ್ಲಿ ಅವಳನ್ನು ನೋಡಲು ಬಂದಾಗ ಈ ಮಹಾನುಭಾವ ಎರಡು ತಟ್ಟೆ ಕೇಸರಿಬಾತ್ ಬಾರಿಸಿ, "ಹುಡುಗಿಗೆ ಹಾಡೋಕೆ ಬರುತ್ತಾ?" ಎಂದು ಕೇಳಿ, "ಆಮೇಲೆ ತಿಳಿಸ್ತೀವಿ" ಎಂದು ಎದ್ದು ಹೋದವನು. ಅದನ್ನು ಅವಳು ಮರೆತಿರಲಿಲ್ಲ.

ಏನಾದರಾಗಲಿ, ಮನೆ ಗಿಟ್ಟಿಸಿಯೇ ತೀರುವೆನೆಂದು ವಾಮನ ಪಣ ತೊಟ್ಟ. ಇಸ್ತ್ರಿಯ ಶರ್ಟು ತೊಟ್ಟು, ಸೈಕಲ್ಲಿನ ಮೇಲೆ ದಾರಿಯುದ್ದಕ್ಕೂ ಡಚ್ ನಮಸ್ಕಾರ ಉರು ಹೊಡೆದ.

ವಠಾರದ ಹಿರಿಯರಾದ ಹೆನ್ನಿ ಅಜ್ಜಿ ಕಾಫಿ ಕೊಟ್ಟು ಬಿಸ್ಕತ್ತಿನ ಡಬ್ಬ ತೆರೆದರು. ತಲೆಗೊಂದು. ವಾಮನ ಎರಡನೆಯದಕ್ಕೆ ಕೈ ಚಾಚುವಷ್ಟರಲ್ಲಿ ಮುಚ್ಚಳ ಟಪ್ಪೆಂದು ಬಿತ್ತು. ಅಕ್ಕಪಕ್ಕದವರೆಲ್ಲ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನಿಮಗೆ ಏನೇನು ಬರುತ್ತೆ?" ಅಜ್ಜಿ ಕೇಳಿದರು.

ವಾಮನ ಬಾಯಿ ತೆರೆಯುವ ಮೊದಲೇ ಮೈಥಿಲಿ ಹೇಳಿದಳು: "ಇವರು ಬಹಳ ಚೆನ್ನಾಗಿ ಹಾಡ್ತಾರೆ."

"ಹೌದಾ? ಒಂದು ಹಾಡಿ ನೋಡೋಣ!"

"ಮರ್ಯಾದೆ ತೆಗೀಬೇಡ್ವೇ," ಎಂದು ವಾಮನ ಕನ್ನಡದಲ್ಲಿ ಪಿಸುಗುಟ್ಟಿದ.

"ನಾಚ್ಕೋಬೇಡಿ, ಹಾಡಿ. ಅವತ್ತು ನಿಮ್ಮಮ್ಮ ನಂಗೂ ಹೀಗೇ ಹೇಳಿದ್ರು."

ಅವನಿಗೆ ಬರುತ್ತಿದ್ದದ್ದು ಶಾಲೆಯಲ್ಲಿ ಕಲಿತ ಒಂದೇ ಒಂದು ದೇವರನಾಮ. ಕಣ್ಣ ಮುಂದೆ ಅಟ್ಟದ ತೊಲೆ ಬಂತು, ಶುರು ಮಾಡಿಯೇಬಿಟ್ಟ. ಪಲ್ಲವಿಗೇ ಕಿಟಕಿಯಲ್ಲಿದ್ದ ಬೆಕ್ಕು ಎದ್ದು ಹೋಯಿತು. ಅನುಪಲ್ಲವಿಯಲ್ಲಿ ಶ್ರುತಿ ಒಂದು ದಿಕ್ಕು, ವಾಮನ ಒಂದು ದಿಕ್ಕು. ಯಾರೋ "ಸಾಕು, ಸಾಕು" ಎಂದು ಕೈಯೆತ್ತಿದರೂ ಜಗ್ಗದೆ ಚರಣಗಳನ್ನೆಲ್ಲ ಮುಗಿಸಿ, ಮಂಗಳವನ್ನೂ ಹಾಡಿ ಕೂತ.

"ಆಮೇಲೆ ತಿಳಿಸ್ತೀವಿ," ಎಂದರು ಅಜ್ಜಿ.

"ಯಾವಾಗ ತಿಳಿಸ್ತಾರೇ?" ಎಂದು ದಾರಿಯಲ್ಲಿ ವಾಮನ ಕೇಳಿದ.

"ನೀವು ಹದಿನೈದು ದಿನ ತಗೊಂಡಿದ್ರಿ."

"ಅಷ್ಟು ದಿನ ಹೇಗಿದ್ಯೇ?"

"ಇನ್ನು ಜನ್ಮದಲ್ಲಿ ಕೇಸರಿಬಾತ್ ಮಾಡಲ್ಲ ಅಂತ ಶಪಥ ಮಾಡ್ಕೊಂಡಿದ್ದೆ."

ಮರುದಿನವೇ ಅಜ್ಜಿಯ ಫೋನು. "ಮನೆ ನಿಮಗೇ!"

ವಾಮನ ಹಿಗ್ಗಿನಿಂದ ಎದ್ದು ತೊಲೆಗೆ ತಲೆ ಕುಟ್ಟಿಕೊಂಡ. "ನನ್ನ ಹಾಡು ಅಷ್ಟು ಹಿಡಿಸಿತಾ?"

"ಇಲ್ಲ. ಅಂಥ ಕೆಟ್ಟ ಹಾಡನ್ನ ನಾವ್ಯಾರೂ ಕೇಳಿರಲಿಲ್ಲ." (ಆ ಊರಿನವರಿಗೆ ಮನಸ್ಸಿನಲ್ಲಿ ಒಂದು, ಬಾಯಲ್ಲಿ ಒಂದು ಇಲ್ಲ.) "ಆದರೆ ನೀವು ಅರ್ಧಕ್ಕೆ ಬಿಡಲಿಲ್ಲ. ಇಲ್ಲಿ ಹೊಸಬರು ವಾರಕ್ಕೊಮ್ಮೆ ವಠಾರದ ಮೆಟ್ಟಿಲು ತೊಳೀಬೇಕು; ಒಪ್ಪಿಕೊಂಡವರೆಲ್ಲ ಅರ್ಧಕ್ಕೇ ಕೈಬಿಡ್ತಾರೆ. ನಿಮ್ಮಂಥವರೇ ಬೇಕಿತ್ತು. ಒಂದೇ ಷರತ್ತು, ತೊಳೆಯುವಾಗ ಹಾಡಬಾರದು."

ಹೊಸ ಮನೆಯಲ್ಲಿ ವಾಮನ ಈಗ ತಲೆ ಎತ್ತಿ ನಿಲ್ಲುತ್ತಾನೆ. ಶನಿವಾರ ಮಾತ್ರ ಬಾಯಿ ಮುಚ್ಚಿಕೊಂಡು, ಬಗ್ಗಿ ಮೆಟ್ಟಿಲು ಉಜ್ಜುತ್ತಾನೆ. ಮೇಲಿನ ಮೆಟ್ಟಿಲಲ್ಲಿ ಮೈಥಿಲಿ ಕಾಫಿ ಲೋಟ ಹಿಡಿದು ನಿಂತು ಅಜ್ಜಿಗೆ ಹೇಳುತ್ತಾಳೆ:

"ಹುಡುಗನಿಗೆ ಮನೆಗೆಲಸ ಚೆನ್ನಾಗಿ ಬರುತ್ತೆ. ಹಾಡೋಕೆ ಮಾತ್ರ ಬರಲ್ಲ."