ಬಚ್ಚಲ ಸಂದಿಗೆ ಸರಿಯಾದ ಸಿಲಿಕೋನ್

ಮನೆ ಕಟ್ಟಿಸಿದವನ ಕಷ್ಟಗಳು ಗೃಹಪ್ರವೇಶದ ದಿನಕ್ಕೆ ಮುಗಿಯುತ್ತವೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ದೊಡ್ಡ ಕಷ್ಟಗಳು ಕಣ್ಣಿಗೆ ಕಾಣುತ್ತವೆ, ಅವಕ್ಕೆ ಮೇಸ್ತ್ರಿ ಇರುತ್ತಾನೆ. ಸಣ್ಣವು ಮಾತ್ರ ಬಚ್ಚಲಿನ ನಳಕ್ಕೂ ಗೋಡೆಗೂ ನಡುವೆ ಉಗುರು ಕೂಡ ತೂರದ ಸಂದಿಯಲ್ಲಿ ಅಡಗಿ ಕೂತಿರುತ್ತವೆ. ಶಹಾಪುರದ ನಮ್ಮ ಮನೆಯಲ್ಲಿ ಮೇಲೆ ನಾವು, ಕೆಳಗೆ ಬಾಡಿಗೆಗೆ ಮಮತಾಜಬೀ ಮತ್ತು ಅವರ ಗಂಡ ರಜಾಕಸಾಬರು. ರಜಾಕಸಾಬರದು ಬಸ್ ನಿಲ್ದಾಣದ ಹತ್ತಿರ ಹಣ್ಣಿನ ಬಂಡಿ. ಮಮತಾಜಬೀ ಮದುವೆಯ ಹೆಣ್ಣುಮಕ್ಕಳ ಬಟ್ಟೆ ಹೊಲಿಯುತ್ತಾರೆ. ಅವರ ಹೊಲಿಗೆ ಮಶೀನಿನ ನೆತ್ತಿಯ ಮೇಲೆ ಸರಿಯಾಗಿ ನಮ್ಮ ಬಚ್ಚಲು ಬರುವಂತೆ ಮನೆಯ ನಕ್ಷೆ ಹಾಕಿದ ಮಹಾನುಭಾವ ನಾನೇ.

ಒಂದು ಬೆಳಗ್ಗೆ ಆಕೆ ಒದ್ದೆಯಾದ ಹಸಿರು ಕುಬಸವೊಂದನ್ನು ಹಿಡಿದು ಮೆಟ್ಟಿಲು ಹತ್ತಿ ಬಂದರು. "ಅಣ್ಣಾ, ನಿಮ್ಮ ಬಚ್ಚಲ ನೀರ ನಮ್ಮ ಮಶೀನ್ ಮ್ಯಾಲೆ ಬೀಳಾಕತ್ತೈತ್ರಿ. ನಂದಾದ್ರ ಸುಮ್ನಿರ್ತಿದ್ದೆ, ಇದು ಮದಿಮಗಳ ಕುಬಸ. ಹಿಂಗ ಆದ್ರ ಬ್ಯಾರೆ ಮನಿ ನೋಡಬೇಕಾಗ್ತದ್ರಿ" ಎಂದರು. ಬೈದಿದ್ದರೆ ನನಗೂ ಹಗುರಾಗುತ್ತಿತ್ತು. ಆಕೆ ಬೈಯಲಿಲ್ಲ. ಅವರ ಹಬ್ಬದ ಸುರಕುಂಬಾ ಪಾಯಸ ಮೇಲೆ ಬರುತ್ತದೆ, ನಮ್ಮ ಹೋಳಿಗೆ ಕೆಳಗೆ ಹೋಗುತ್ತದೆ. ನನ್ನ ಹೆಂಡತಿ ಸುವರ್ಣಾ ಮತ್ತು ಆಕೆ ಮೆಟ್ಟಿಲ ಮೇಲೆ ಜಗಳವಾಡಿ ಅದೇ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಾರೆ. ಅವರಿಲ್ಲದ ಮನೆಯನ್ನು ನೆನೆಸಿಕೊಳ್ಳಲೂ ನನಗಾಗಲಿಲ್ಲ. "ನೀ ಎಲ್ಲೂ ಹೋಗಬ್ಯಾಡವ್ವಾ, ನಾ ಬಂದ್ ಮಾಡ್ತೀನಿ" ಎಂದು ಮಾತು ಕೊಟ್ಟೆ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನು ಒಂದು ಸಂದಿ ಮುಚ್ಚಲಾರನೇ ಎಂಬ ಜಂಬ ಬೇರೆ.

ಹಾರ್ಡ್‌ವೇರ್ ಅಂಗಡಿಯಲ್ಲಿ ಗೋಡೆ ತುಂಬ ಸಂದಿ ಮುಚ್ಚುವ ಅಂಟಿನ ಟ್ಯೂಬುಗಳು ನೇತಾಡುತ್ತಿದ್ದವು. ಗಾಜಿಗೆ ಒಂದು, ಕಿಟಕಿಗೆ ಒಂದು, ಟ್ಯಾಂಕಿಗೆ ಒಂದು. ಯಾವುದು ಒಳ್ಳೆಯದೆಂದು ಕೇಳಿದೆ. "ಎಲ್ಲಾ ಛಲೋನೇ ಅದಾವ್ರಿ ಸರ. ಒಯ್ದವ್ರು ಯಾರೂ ತಿರುಗಿ ಬಂದಿಲ್ಲ" ಎಂದ ಅಂಗಡಿಯವ. ಏಕೆ ಬಂದಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. ಪಕ್ಕದಲ್ಲಿ ಮೊಳೆ ಕೊಳ್ಳುತ್ತಿದ್ದವರೊಬ್ಬರು, "ಸಿಲಿಕೋನ್ ಗಿಲಿಕೋನ್ ಏನ್ ಮಾಡ್ತೀರಿ, ದಾರ ಸುತ್ತಿ ಸಫೇದಾ ಪೇಸ್ಟ್ ಮೆತ್ರಿ" ಎಂದು ಬಿಟ್ಟಿ ಸಲಹೆ ಕೊಟ್ಟರು. ನಾನು ಯಾರ ಮಾತೂ ಕೇಳದೆ, ಥಳಥಳ ಹೊಳೆಯುವ ಬಚ್ಚಲಿನ ಚಿತ್ರವಿದ್ದ ಟ್ಯೂಬನ್ನೇ ಆರಿಸಿಕೊಂಡೆ. ಅದು ಗೋಡೆಯ ಬಿರುಕಿಗೆ ತುಂಬಿ ಮೇಲೆ ಬಣ್ಣ ಬಳಿಯುವಂಥದ್ದಂತೆ. ಎರಡು ಸ್ನಾನಕ್ಕೆ ಕರಗಿ ಮಜ್ಜಿಗೆಯಾಗಿ ಹರಿದುಹೋಯಿತು.

ಎರಡನೆಯದನ್ನು ಕೆಲಸದ ಮೇಲೆ ಯಾದಗಿರಿಗೆ ಹೋದಾಗ ತಂದೆ. ಬಸ್ಸಿನಲ್ಲಿ ಮುಚ್ಚಳ ತೆಗೆದು ಮೂಸಿದರೆ ಹುಳಿ ಹುಳಿ ವಾಸನೆ. ಅಸಿಟಿಕ್ ಆಮ್ಲ! ಸಂತೆಯಲ್ಲಿ ಹಳೆಯ ಶಿಷ್ಯ ಸಿಕ್ಕಷ್ಟು ಖುಷಿಯಾಗಿ, ಪಕ್ಕದ ಸೀಟಿನ ರೈತರಿಗೆ ಅದರ ಗುಣಲಕ್ಷಣಗಳನ್ನೆಲ್ಲ ವಿವರಿಸಿದೆ. ಪಾಪ, ಅವರು ತಾಳ್ಮೆಯಿಂದ ಕೇಳಿ ದೋರನಹಳ್ಳಿಯಲ್ಲಿ ಇಳಿಯುವಾಗ, "ಅದೆಲ್ಲಾ ಖರೇ ಐತ್ರಿ ಸರ, ಸೋರೂದು ನಿಲ್ತದೇನು?" ಎಂದು ಕೇಳಿದರು. ನಿಲ್ಲಲಿಲ್ಲ. ಆ ಆಮ್ಲಕ್ಕೆ ಹಿತ್ತಾಳೆಯ ನಳ ಹಸಿರುಗಟ್ಟಿತು. ಹಳೆಯದನ್ನು ಕೆರೆಯದೆ ಅದರ ಮೇಲೆಯೇ ಬಳಿದಿದ್ದರಿಂದ ಇಡೀ ಪಟ್ಟಿ ಬಾಳೆಹಣ್ಣಿನ ಸಿಪ್ಪೆಯಂತೆ ಕೈಗೆ ಬಂತು. ಕೊನೆಗೆ ಸುರಪುರದ ನನ್ನ ಭಾವಮೈದುನ ಒಂದನ್ನು ಕಳಿಸಿದ. ವಾಸನೆಯಿಲ್ಲ, ಲೋಹ ತಿನ್ನುವುದಿಲ್ಲ, ಬೂಷ್ಟು ಹಿಡಿಯುವುದಿಲ್ಲ. ಹಳೆಯದನ್ನೆಲ್ಲ ಬ್ಲೇಡಿನಿಂದ ಕೆರೆದು, ಸಂದಿಯನ್ನು ಒರೆಸಿ ಒಣಗಿಸಿ, ನಳದ ಬುಡಕ್ಕೂ ನೀರು ಹೋಗುವ ನೆಲದ ಜಾಲಿಯ ಸುತ್ತಲೂ ಬೆರಳಿನಿಂದ ನಯವಾಗಿ ಒತ್ತಿದೆ. ಒಂದೇ ಷರತ್ತು, ಇಡೀ ಒಂದು ದಿನ ಹನಿ ನೀರು ತಾಗಬಾರದು.

ಯಾರನ್ನೂ ನಂಬದೆ ಬಚ್ಚಲ ಬಾಗಿಲಿಗೆ ಕುರ್ಚಿ ಹಾಕಿಕೊಂಡು ನಾನೇ ಕೂತೆ. ಮನೆಯವರ ಸ್ನಾನವೆಲ್ಲ ಕೆಳಗೆ, ಮಮತಾಜಬೀ ಅವರ ಬಚ್ಚಲಿನಲ್ಲಿ. ಆಕೆಯೇ ಚಹಾ ತಂದುಕೊಟ್ಟು, "ವೈನಿ, ಅಣ್ಣಾರು ಕಾವಲ ಕುಂತಾರ, ಇನ್ನ ಕಾಳಜಿಲ್ಲ ಬಿಡ್ರಿ" ಎಂದು ಸುವರ್ಣಾಳಿಗೆ ಹೇಳಿ ನಗುತ್ತ ಇಳಿದು ಹೋದರು. ಇಲ್ಲಿ ನಮ್ಮ ಓಣಿಯ ನೀರಿನ ವಿಷಯ ಹೇಳಬೇಕು. ನಳದ ನೀರು ಯಾವಾಗಲೋ ಒಮ್ಮೆ, ಹೇಳದೆ ಕೇಳದೆ ಬರುತ್ತದೆ. ಬಂತೆಂದರೆ ಬಚ್ಚಲ ಡ್ರಮ್ಮಿನ ಹಳೆಯ ನೀರು ಚೆಲ್ಲಿ, ತಿಕ್ಕಿ ತೊಳೆದು, ಹೊಸದು ತುಂಬುವುದು ಎಲ್ಲರ ಮನೆಯ ಪದ್ಧತಿ. ಅದಕ್ಕೆ ಬುದ್ಧಿ ಬೇಕಿಲ್ಲ, ಕೈಗಳೇ ಮಾಡುತ್ತವೆ. ಮಧ್ಯಾಹ್ನ ಓಣಿಯಲ್ಲಿ ಯಾರೋ, "ನಳಾ ಬಿಟ್ಟಾರ್ರೀ!" ಎಂದು ಕೂಗಿದರು. ನಾನು ಧಡಕ್ಕನೆ ಎದ್ದೆ. ಬಚ್ಚಲಿಗೆ ನುಗ್ಗಿ, ತುಂಬಿದ ಡ್ರಮ್ಮನ್ನು ಎರಡೂ ಕೈಯಿಂದ ತಬ್ಬಿ ನೆಲಕ್ಕೆ ಬಗ್ಗಿಸಿಬಿಟ್ಟೆ. ನೀರು ನನ್ನ ಪಾದ ತೋಯಿಸಿದ ಮೇಲೆ ಬಾಗಿಲಲ್ಲಿ ಕುರ್ಚಿ ಏಕಿತ್ತೆಂಬುದು ನೆನಪಾಯಿತು. ಕೆಳಗೆ ಮಶೀನಿನ ಸದ್ದು ನಿಂತಿತು.

ಆಕೆ ಬಂದರು. ಕೈಯಲ್ಲಿ ಜರಿಯ ಕೆಂಪು ಬಟ್ಟೆ, ಬಣ್ಣ ಬಿಟ್ಟು ಅಂಗೈಯೆಲ್ಲ ಕೆಂಪು. "ಅಣ್ಣಾ, ನೀವು ಕುಂತೀರಂತ ನಂಬಿ ನಾ ಬಟ್ಟಿ ಆ ಕಡಿ ಸರಸಲಿಲ್ರಿ" ಎಂದರು, ಅಷ್ಟೇ. ಸುವರ್ಣಾ ನನ್ನನ್ನು ನೋಡಿದ ನೋಟದ ಬಗ್ಗೆ ನಾನು ಇಲ್ಲಿ ಬರೆಯಲಾರೆ. ಆ ತಿಂಗಳು ಮುಗಿಯುವುದರೊಳಗೆ ಅವರು ಹಿಂದಿನ ಓಣಿಗೆ ಮನೆ ಬದಲಿಸಿದರು. ಮಶೀನನ್ನು ಹಣ್ಣಿನ ಬಂಡಿಯ ಮೇಲೆ ಏರಿಸುವಾಗ ಒಂದು ಕಡೆ ರಜಾಕಸಾಬರು, ಇನ್ನೊಂದು ಕಡೆ ನಾನು ಹಿಡಿದಿದ್ದೆವು. ಆಮೇಲೆ ಮತ್ತೆ ಎಲ್ಲ ಕೆರೆದು ಅದೇ ಟ್ಯೂಬಿನಿಂದ ಬಳಿದೆ. ಈಗ ಒಂದು ಹನಿ ಸೋರುವುದಿಲ್ಲ. ಕೆಳಗಿನ ಖಾಲಿ ಕೋಣೆ ಬೆಚ್ಚಗೆ ಒಣಗಿದೆ.

ಮೊನ್ನೆ ಮಮತಾಜಬೀ ಫೋನ್ ಮಾಡಿದ್ದರು. ಹೊಸ ಮನೆಯ ಬಚ್ಚಲೂ ಸೋರುತ್ತಿದೆಯಂತೆ. "ನಿಮಗ ಎಲ್ಲಾ ಗೊತ್ತೈತಲ್ರಿ ಅಣ್ಣಾ, ಯಾವ ಟ್ಯೂಬ್ ತರ್ಲಿ?" ಕೇಳುವವರೊಬ್ಬರು ಸಿಕ್ಕರೆ ಮೇಷ್ಟರಿಗೆ ಮೈಮೇಲೆ ಪ್ರಜ್ಞೆ ಇರುತ್ತದೆಯೇ? ಯಾವುದು ತರಬೇಕು, ಹೇಗೆ ಕೆರೆಯಬೇಕು, ಎಷ್ಟು ಒಣಗಿಸಬೇಕು, ಡ್ರಮ್ಮನ್ನು ಮೊದಲೇ ಹೊರಗಿಡಬೇಕು ಎಂಬುದನ್ನು ಸಹ ಬಿಡದೆ ಪಾಠ ಮಾಡಿದೆ. ನಿನ್ನೆ ಆಕೆ ಮತ್ತೆ ಫೋನ್ ಮಾಡಿ, "ಭಾಳ ಛಲೋ ಆತ್ರಿ ಅಣ್ಣಾ, ಪೂರಾ ನಿಂತೈತಿ. ಇನ್ನ ಈ ಮನಿ ಬಿಟ್ಟು ನಾವು ಎಲ್ಲೂ ಹೋಗಂಗಿಲ್ಲ" ಎಂದು ಖುಷಿಯಿಂದ ಹೇಳಿದರು. ಸುವರ್ಣಾ ಹಣೆ ಹಣೆ ಚಚ್ಚಿಕೊಂಡು, "ಜಲ್ಮದಾಗ ಒಂದ್ಸಲ ಸರಿ ಹೇಳಿದ್ರಿ, ಅದೂ ಯಾವಾಗ!" ಎಂದಳು.