ನಿಂಬೆಹಣ್ಣು ತುಳಿದ ಬಾರ್ ಗಾಡಿಯ ಬಗ್ಗೆ

ಮಾನ್ಯ ಪ್ರೇಮಲತಾ ಅವರೇ,

ಇಂದು ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ನನ್ನ ಮೊಬೈಲಿನಿಂದ ಹೊರಟ ತಮ್ಮ ‘ಟಿಂಗ್’ ಎಂಬ ಸದ್ದಿಗೆ ಎಚ್ಚರಗೊಂಡ ತುಮಕೂರು ಬಟವಾಡಿಯ ಕೋಮಲಾ ಎಂಬ ನಾನು, ಅದೇ ಸದ್ದಿಗೆ ಎಚ್ಚರಗೊಂಡು ಇಷ್ಟು ಹೊತ್ತೂ ಅತ್ತ ನನ್ನ ಏಳು ತಿಂಗಳ ಮಗಳು ಕೃತಿಕಾಳ ಪರವಾಗಿಯೂ ಸೇರಿಸಿ, ತಮಗೆ ನಮಸ್ಕರಿಸುತ್ತೇನೆ. ತಾವು ಮನುಷ್ಯರಲ್ಲ, ಮನೆಸಾಮಾನು ಮಾರುವ ಕಂಪನಿಯ ಆ್ಯಪಿನೊಳಗೆ ಕುಳಿತು ಗ್ರಾಹಕರಿಗೆ ಉತ್ತರ ಬರೆಯುವ ಯಂತ್ರ ಎಂಬುದು ನನಗೆ ಗೊತ್ತು. ಇಪ್ಪತ್ನಾಲ್ಕು ಗಂಟೆಯೂ ಎಚ್ಚರವಾಗಿರುತ್ತೇನೆಂದು ತಾವು ಹೆಮ್ಮೆಯಿಂದ ಹೇಳಿಕೊಂಡಿದ್ದೀರಿ. ನಾನೂ ಏಳು ತಿಂಗಳಿಂದ ಎಚ್ಚರವಾಗಿಯೇ ಇದ್ದೇನೆ, ಆದರೆ ಅದನ್ನು ಯಾರೂ ಜಾಹೀರಾತಿನಲ್ಲಿ ಹಾಕಲಿಲ್ಲ. ತಮ್ಮ ಚಾಟಿನ ಡಬ್ಬಿಯಲ್ಲಿ ಇನ್ನೂರು ಅಕ್ಷರಕ್ಕಿಂತ ಹೆಚ್ಚು ಸಂಕಟ ಹಿಡಿಸುವುದಿಲ್ಲವಾದ್ದರಿಂದ, ಎಲ್ಲರೂ ಓದಬಹುದಾದ ಗ್ರಾಹಕರ ಅಭಿಪ್ರಾಯದ ಪುಟದಲ್ಲಿ ಈ ಪತ್ರವನ್ನು ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪನ್ನು ಒಪ್ಪಿಕೊಂಡುಬಿಡುತ್ತೇನೆ. ಕಳೆದ ತಿಂಗಳು ಮಗುವಿಗೆ ಹಾಲು ಕೊಡುತ್ತಾ ಒಂದೇ ಕೈಯಲ್ಲಿ ಮೊಬೈಲ್ ನೋಡುತ್ತಿದ್ದಾಗ, ತಮ್ಮ ‘ವಸಂತದ ಸತ್ಕಾರ’ ಎಂಬ ಚಿತ್ರ ಕಣ್ಣಿಗೆ ಬಿತ್ತು. ಅತಿಥಿಗಳಿಗೆ ಮದ್ಯ ಕೊಡಲು ಮನೆಯೊಳಗೇ ತಳ್ಳಿಕೊಂಡು ಓಡಾಡುವ ಬಂಗಾರದ ಬಣ್ಣದ ಎರಡಂತಸ್ತಿನ ಬಾರ್ ಗಾಡಿ, ಮೇಲೆ ಗಾಜಿನ ಲೋಟಗಳು, ಹೂಜಿಯಲ್ಲಿ ಬಿಳಿ ಹೂ, ತಟ್ಟೆಯಲ್ಲಿ ದುಂಡಗೆ ಹೆಚ್ಚಿದ ನಿಂಬೆಹಣ್ಣು, ಪಕ್ಕದಲ್ಲಿ ನಗುತ್ತಾ ನಿಂತ ಒಬ್ಬ ಹೆಂಗಸು. ನಮ್ಮ ಮನೆಯಲ್ಲಿ ಕುಡಿಯುವವರು ಯಾರೂ ಇಲ್ಲ. ನಾನು ಗಾಡಿಯನ್ನು ನೋಡಲೇ ಇಲ್ಲ, ಆ ಹೆಂಗಸಿನ ಕಣ್ಣುಗಳನ್ನು ನೋಡಿದೆ. ಅವು ಎಂಟು ಗಂಟೆ ನಿದ್ದೆ ಮಾಡಿದ ಕಣ್ಣುಗಳಾಗಿದ್ದವು. ಗಾಡಿಯ ಜೊತೆಗೆ ಆ ನಿದ್ದೆಯೂ ಬರುತ್ತದೆಂದುಕೊಂಡು ಗುಂಡಿ ಒತ್ತಿಬಿಟ್ಟೆ. ಗಾಡಿ ಮಾತ್ರ ಬಂತು.

ಅದು ಬಂದ ದಿನವೇ ನಿಟ್ಟೂರಿನಿಂದ ನನ್ನ ಅತ್ತೆ ಹನುಮಕ್ಕನವರೂ ಬಂದಿದ್ದರು. ಆ ಊರಿನ ಹೆಂಗಸರನ್ನೆಲ್ಲ ಕಟ್ಟಿಕೊಂಡು ಹೆಂಡದಂಗಡಿಯ ಮುಂದೆ ಮೂರು ದಿನ ಚಾಪೆ ಹಾಸಿ ಕೂತು, ಅದರ ಬಾಗಿಲು ಹಾಕಿಸಿಯೇ ಎದ್ದವರು ಅವರು. ಗಾಡಿಯನ್ನು ಸುತ್ತು ಹಾಕಿ ನೋಡಿ, “ಇದೇನವ್ವ, ಐಸ್‌ಕ್ಯಾಂಡಿ ಗಾಡಿನ ಮನೆ ಒಳಕ್ಕೇ ತಂದಿದೀಯ?” ಎಂದರು. ಬಾಯಿಗೆ ಬಂದದ್ದು, “ರಾಮನವಮಿ ಪಾನಕ ಹಂಚಕ್ಕೆ, ಅತ್ತೆ” ಎಂದುಬಿಟ್ಟೆ. ಅವರಿಗೆ ಆದ ಸಂತೋಷವನ್ನು ತಮ್ಮ ಆ್ಯಪಿನ ಐದು ನಕ್ಷತ್ರಗಳಲ್ಲಿ ಅಳೆಯಲಾಗುವುದಿಲ್ಲ. ಬಾಟಲಿ ನಿಲ್ಲಿಸುವ ತೂತುಗಳನ್ನು ನೋಡಿ, “ಕೂಸಿನ ಹಾಲಿನ ಬಾಟ್ಲಿಗೂ ಜಾಗ ಮಾಡವ್ರೆ, ಬುದ್ಧಿವಂತ್ರು” ಎಂದು ತಮ್ಮ ಕಂಪನಿಯನ್ನು ಹೊಗಳಿದರು. “ಚಕ್ರ ಇರೋ ಗಾಡಿ ಪೂಜೆ ಆಗ್ದೆ ಉರುಳಬಾರ್ದು ಕಣವ್ವ” ಎಂದು ನಿನ್ನೆ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ, ಮಾವಿನೆಲೆ ಕಟ್ಟಿ, ಹೊಸ ಸ್ಕೂಟರಿಗೆ ಮಾಡುವಂತೆಯೇ ನಾಲ್ಕೂ ಚಕ್ರದಡಿ ನಾಲ್ಕು ನಿಂಬೆಹಣ್ಣಿಟ್ಟು ನಡುಮನೆಯಿಂದ ಅಡುಗೆಮನೆಯವರೆಗೆ ತಳ್ಳಿಸಿದರು. ಗಾಡಿಯ ಜೊತೆಗಿದ್ದ ಸಿಂಗಾರದ ಪುಸ್ತಿಕೆಯಲ್ಲಿ ತಾವು ನಿಂಬೆಯನ್ನು ಮೇಲಿನ ಅಂತಸ್ತಿಗೆ ಹೇಳಿದ್ದಿರಿ. ನಮ್ಮಲ್ಲಿ ಅದು ಕೆಳಗೆ ಅಪ್ಪಚ್ಚಿಯಾಯಿತು. ಉಳಿದಂತೆ ತಮ್ಮ ಸೂಚನೆಯನ್ನು ಮೀರಿಲ್ಲ.

ನಾಳೆ ರಾಮನವಮಿ. ಬೆಳಿಗ್ಗೆ ಒಂಬತ್ತಕ್ಕೆ ಪಾನಕ, ಮಜ್ಜಿಗೆ, ಕೋಸಂಬರಿಗೆ ಬೀದಿಯ ಹೆಂಗಸರನ್ನೆಲ್ಲ ಅತ್ತೆಯವರೇ ಮನೆಮನೆಗೆ ಹೋಗಿ ಕರೆದು ಬಂದಿದ್ದಾರೆ. ತಮ್ಮ ‘ಟಿಂಗ್’ ತಂದ ಸುದ್ದಿಯೇನೆಂದರೆ, ಗಾಡಿ ಕೊಂಡವರಿಗೆ ಅದನ್ನು ಜೋಡಿಸಿ ಫೋಟೋ ತೆಗೆದುಕೊಡುವ ಉಚಿತ ವಸಂತದ ಸಿಂಗಾರಕ್ಕಾಗಿ ತಮ್ಮ ತಜ್ಞ ರವೀಶ್ ಎಂಬವರು ಹನ್ನೆರಡು ಪ್ರದರ್ಶನದ ಮದ್ಯದ ಬಾಟಲಿಗಳೊಂದಿಗೂ ಒಬ್ಬ ಫೋಟೋಗ್ರಾಫರ್ ಜೊತೆಗೂ ನಾಳೆ ಬೆಳಿಗ್ಗೆ ಒಂಬತ್ತಕ್ಕೇ ನಮ್ಮ ಮನೆಗೆ ಬರುತ್ತಾರೆ. ಗಾಡಿ ತರಿಸುವಾಗ ‘ಸತ್ಕಾರದ ದಿನ’ ಎಂದು ತಾವು ಕೇಳಿದ್ದಿರಿ. ನಿದ್ದೆಗಣ್ಣಿನಲ್ಲಿದ್ದರೂ ಪ್ರಾಮಾಣಿಕಳಾದ ನಾನು ರಾಮನವಮಿಯ ತಾರೀಕನ್ನೇ ತುಂಬಿದ್ದೆ.

ಕೂಡಲೇ ‘ರದ್ದು ಮಾಡಿ’ ಎಂದು ಬರೆದೆ. ‘ನಿಮ್ಮ ಉತ್ಸಾಹಕ್ಕೆ ಧನ್ಯವಾದಗಳು’ ಎಂದಿರಿ. ಮನೆಯಲ್ಲಿ ಪಾನಕ ಮಾಡುತ್ತೇವೆ ಎಂದೆ. ‘ಪಾನಕಕ್ಕೆ ಬಿಳಿ ರಮ್ ಸೊಗಸಾಗಿ ಹೊಂದುತ್ತದೆ’ ಎಂದಿರಿ. ಗಾಡಿಯ ಮೇಲೆ ರಾಮದೇವರ ಪಟ ಇರುತ್ತದೆ ಎಂದು ಕೈಮುಗಿಯುವ ಚಿಹ್ನೆಯನ್ನೂ ಹಾಕಿದೆ. ‘ಚೌಕಟ್ಟಿನ ಚಿತ್ರಗಳನ್ನು ಜಿನ್ ಬಾಟಲಿಯ ಹಿಂದೆ ಒರಗಿಸಿದರೆ ಮೆರುಗು ಹೆಚ್ಚುತ್ತದೆ’ ಎಂದಿರಿ. ಇಷ್ಟು ಸಮಾಧಾನದಿಂದ ಇಷ್ಟು ತಪ್ಪು ಉತ್ತರ ಕೊಡುವವರನ್ನು ನಾನು ಬಿ.ಎಡ್. ಓದುವಾಗಲೂ ನೋಡಿರಲಿಲ್ಲ.

ನನ್ನ ಯಜಮಾನರು ಲಕ್ಷ್ಮೀಕಾಂತ್, ಹೈಸ್ಕೂಲ್ ಮೇಷ್ಟ್ರು, ತರಬೇತಿಗೆಂದು ಕುಣಿಗಲ್ಲಿನಲ್ಲಿದ್ದಾರೆ. ಫೋನಿನಲ್ಲಿ ಹೇಳಿಕೊಂಡರೆ, “ಮೇಷ್ಟ್ರ ಮನೇಲಿ ಬಾರ್ ಓಪನ್ನು ಅಂತ ಪೇಪರಲ್ಲಿ ಬರೋದೊಂದ್ ಬಾಕಿ ಕಣೆ. ನಾಳೆ ಬರ್ತಾ ಕರಬೂಜ ತರ್ತೀನಿ, ಬುಡು” ಎಂದರು. ಬಾಟಲಿಗಳ ಪಕ್ಕದಲ್ಲಿಡಲು ಕರಬೂಜವೂ ಆಯಿತು.

ಅತ್ತೆಗೆ ನಿಜ ಹೇಳಬಾರದೇ ಎಂದು ತಾವು ಕೇಳಬಹುದು. ಸಂಜೆ ಹೇಳಲು ಹೋದೆ. ಅವರು ನಾಳೆಗೆಂದು ಬೆಲ್ಲ ಕುಟ್ಟುತ್ತಿದ್ದರು. ನನ್ನ ಮುಖ ನೋಡಿದವರೇ, “ಕಣ್ಣು ನೋಡು ಹೆಂಗಾಗವೆ. ಹೋಗಿ ಮಲ್ಕೊಳವ್ವ, ಬೆಳಗಿನ ಜಾವ ಕೂಸ್ನ ನಾನ್ ಎತ್ಕತೀನಿ” ಎಂದರು. ಅವರು ಬಂದ ದಿನದಿಂದ ದಿನವೂ ನಾಲ್ಕರಿಂದ ಏಳರವರೆಗೆ ಮಗು ಅವರ ಮಡಿಲಲ್ಲಿರುತ್ತದೆ. ಏಳು ತಿಂಗಳಲ್ಲಿ ನನಗೆ ಸಿಕ್ಕ ನಿದ್ದೆಯೆಂದರೆ ಆ ಮೂರು ಗಂಟೆ. ಹೆಂಡದಂಗಡಿ ಮುಚ್ಚಿಸಿದ ಹನುಮಕ್ಕ, ಕರೆದ ಹೆಂಗಸರೆಲ್ಲರ ಎದುರು, ಸ್ವಂತ ಕೈಯಿಂದ ಕುಂಕುಮವಿಟ್ಟ ಗಾಡಿಯ ಮೇಲೆ ತಮ್ಮ ರವೀಶ್ ವಿಸ್ಕಿ ಜೋಡಿಸುವುದನ್ನು ಕಂಡರೆ, ಬೈಯುವವರಲ್ಲ. ಸುಮ್ಮನೆ ಬ್ಯಾಗು ತೆಗೆದುಕೊಂಡು ಮೊದಲ ರೈಲಿಗೆ ನಿಟ್ಟೂರಿಗೆ ಹೊರಟುಬಿಡುತ್ತಾರೆ. ಅವರ ಹಿಂದೆಯೇ ಆ ಮೂರು ಗಂಟೆಯೂ ಹೊರಟುಹೋಗುತ್ತದೆ.

ಆದಕಾರಣ ವಿನಂತಿ. ರವೀಶ್ ಅವರನ್ನು ತಡೆಯುವುದು ಸಾಧ್ಯವೇ ಇಲ್ಲವಾದರೆ, ಪಂಚೆಯುಟ್ಟು, ಬಾಟಲಿಗಳ ಬದಲು ಹೆಸರುಬೇಳೆ ನೆನೆಸಿಕೊಂಡು ಬರಲು ತಿಳಿಸಿ. ಫೋಟೋಗ್ರಾಫರ್ ಸೌತೆಕಾಯಿ ಹೆಚ್ಚಲಿ. ಅದೂ ಆಗದಿದ್ದರೆ, ತಮಗೆ ಹೇಗೂ ನಿದ್ದೆ ಬೇಡವಲ್ಲ, ನಾಡಿದ್ದಿನಿಂದ ಬೆಳಗಿನ ಜಾವ ನಾಲ್ಕಕ್ಕೆ ತಾವೇ ಬಂದು ಮಗುವನ್ನು ಎತ್ತಿಕೊಳ್ಳಿ. ಬೆನ್ನು ತಟ್ಟುತ್ತಾ ನಡೆದಾಡಬೇಕು, ಕೂತರೆ ಅವಳಿಗೆ ಗೊತ್ತಾಗಿಬಿಡುತ್ತದೆ. ಚಿತ್ರದಲ್ಲಿ ನಗುತ್ತಿದ್ದ ಆ ಹೆಂಗಸನ್ನು ಒಂದೇ ಒಂದು ರಾತ್ರಿಗೆ ನಮ್ಮ ಮನೆಗೆ ಕಳಿಸಿದರೂ ಸಾಕು, ಅವರ ಕಣ್ಣುಗಳ ಫೋಟೋವನ್ನು ಬೆಳಿಗ್ಗೆ ಮತ್ತೆ ತೆಗೆಯೋಣ.

ನಿದ್ದೆಯೊಂದನ್ನುಳಿದು ಮತ್ತೆಲ್ಲದರಲ್ಲೂ,
ತಮ್ಮ ವಿಶ್ವಾಸಿ,
ಕೋಮಲಾ

ತಾ.ಕ.: ಈ ಅಭಿಪ್ರಾಯಕ್ಕೆ ಐದು ನಕ್ಷತ್ರ ಕೊಟ್ಟಿದ್ದೇನೆ. ಒಂದು ಕೊಟ್ಟವರ ದೂರಿಗೆಲ್ಲ ತಾವೇ ಉತ್ತರಿಸುತ್ತೀರೆಂದೂ, ಐದು ಕೊಟ್ಟವರ ಹೊಗಳಿಕೆಯನ್ನು ಮಾತ್ರ ಆಫೀಸಿನಲ್ಲಿ ಮನುಷ್ಯರು ಕೂತು ಓದುತ್ತಾರೆಂದೂ ಈ ಪುಟ ನೋಡಿ ತಿಳಿಯಿತು. ಆದ್ದರಿಂದ ಇದನ್ನು ಓದುತ್ತಿರುವ ಮನುಷ್ಯರೇ, ಯಾರಾದರೂ ಆಗಿರಿ, ಆ ರವೀಶರ ಪರಿಚಯ ನಿಮಗಿದ್ದರೆ ಬೆಳಗಾಗುವುದರೊಳಗೆ ನನಗೊಂದು ಫೋನ್ ಮಾಡಿ. ನಂಬರು ಆರ್ಡರಿನಲ್ಲಿದೆ. ಮಗು ಈಗಷ್ಟೇ ಮಲಗಿದ್ದರಿಂದ ರಿಂಗು ಆಫ್ ಮಾಡಿದ್ದೇನೆ, ಆದರೆ ಫೋನನ್ನು ಕೈಯಲ್ಲೇ ಹಿಡಿದುಕೊಂಡಿದ್ದೇನೆ. ಎಷ್ಟು ಹೊತ್ತಿಗಾದರೂ ಮಾಡಿ, ಎದ್ದೇ ಇರುತ್ತೇನೆ. ನಾಲ್ಕರೊಳಗೆ ಮಾಡಿದರೆ ಮಾತ್ರ ಉಪಕಾರವಾಗುತ್ತದೆ; ನಾಲ್ಕಕ್ಕೆ ಅತ್ತೆ ಏಳುತ್ತಾರೆ.