ಯತ್ತಪ್ಪನ ಪಿಕಪ್ಪಿನ ಎರಡನೇ ಅಂತಸ್ತು

ಮಾಡದ ಕೆಲಸದ ತೂಕವನ್ನು ಮಾಡುವ ಮುಂಚೆಯೇ ತೂಗಿ ತೋರಿಸತಕ್ಕದ್ದು ಎಂಬ ನಿಯಮವೊಂದು ಚಳ್ಳಕೆರೆಯಲ್ಲಿ ಜಾರಿಯಲ್ಲಿತ್ತು. ನಂಬಲ್ವಾ? ನಂಬಬೇಡಿ. ದೇವಸಮುದ್ರದ ಕಡೆಯ ಕುರಿಹಟ್ಟಿಗೆ ಹೋಗಿ ಯಾರನ್ನಾದರೂ ಕೇಳಿ. ಅವರು ನಿಮ್ಮನ್ನೇ ಮೇಲಿಂದ ಕೆಳಕ್ಕೆ ನೋಡಿ, "ಇಷ್ಟೂ ಗೊತ್ತಿಲ್ವಾ? ಯಾವೂರಪ್ಪಾ ನಿಂದು?" ಅನ್ನದಿದ್ದರೆ ಈ ಕಥೆ ಹೇಳಿದವನ ಅರ್ಧ ಮೀಸೆ ಬೋಳಿಸಿ.

ಆ ಹಟ್ಟಿಯ ಯತ್ತಪ್ಪನ ಬಳಿ ಅರವತ್ತಾರನೇ ಇಸವಿಯ ಒಂದು ಪಿಕಪ್ ಗಾಡಿ ಇತ್ತು. ಮೂತಿ ಟಗರಿನದು. ಮಡ್‌ಗಾರ್ಡು ಮದುವೆಮನೆಯ ಹಂಡೆಯಷ್ಟು ದುಂಡಗೆ. ಹಾರನ್ನು ಹೊಡೆದರೆ ರಾಂಪುರದ ನಾಯಿಗಳು ಎದ್ದು ನಿಲ್ಲುತ್ತಿದ್ದವು. ಜಿಲ್ಲೆಯಲ್ಲಿ ಇಂಥ ಗಾಡಿ ಇನ್ನೊಂದಿಲ್ಲ, ಅದನ್ನು ಓಡಿಸುವ ಗಂಡೂ ಇನ್ನೊಬ್ಬನಿಲ್ಲ ಎಂಬುದು ಎಲ್ಲರೂ ಒಪ್ಪಿದ ಮಾತು. ಎಲ್ಲರೂ ಅಂದರೆ ಯತ್ತಪ್ಪ.

ಕೊರತೆ ಇದ್ದದ್ದು ಒಂದೇ. ಆ ಗಾಡಿಯಲ್ಲಿ ಇಪ್ಪತ್ತೈದು ಕುರಿ ಹಿಡಿಯುತ್ತಿತ್ತು. ಹಟ್ಟಿಯಿಂದ ಚಳ್ಳಕೆರೆ ಸಂತೆಗೆ ಹೋಗುವುದು ವಾರಕ್ಕೆ ನಲವತ್ತರ ಮೇಲೆ. ಹಟ್ಟಿಯ ಹಿರಿಯ ಜಂಪಣ್ಣ ಕಂಬಳಿ ಹೆಗಲಿಗೇರಿಸಿ ತೀರ್ಪು ಕೊಟ್ಟ: "ನೋಡ್ಲಾ ಯತ್ತಪ್ಪ, ಮೇಲೊಂದು ಅಟ್ಟ ಮಾಡ್ಸು. ಯುಗಾದಿ ಕಳೆದ ಎರಡ್ನೇ ಸಂತೆಗೆ ರೆಡಿ ಇದ್ರೆ ಹಟ್ಟಿ ಕುರಿ ಅಷ್ಟೂ ನಿನ್ ಗಾಡಿಗೆ, ವರ್ಸೆಲ್ಲಾ. ಇಲ್ಲಾಂದ್ರೆ ಬಾಲರಾಜುನ ಲಾರಿಗೆ."

"ಎರಡ್ನೇ ಸಂತೆ ಯಾಕೆ ಮಾವ, ಮೊದಲ್ನೇ ಸಂತೆಗೇ ಬರ್ತೀನಿ ನೋಡ್ತಿರು," ಅಂದ ಯತ್ತಪ್ಪ.

ಮರುದಿನವೇ ಗಾಡಿ ಚಳ್ಳಕೆರೆಯಲ್ಲಿ ಬಾಡಿ ಕಟ್ಟುವ ಹನುಮಣ್ಣನ ಶೆಡ್ಡಿನ ಮುಂದೆ ನಿಂತಿತು. ಹನುಮಣ್ಣ ಸೀಮೆಸುಣ್ಣ ಹಿಡಿದು ನೆಲದ ಮೇಲೆ ಗಾಡಿ ಬರೆದ. ಕ್ಯಾಬಿನ್ ಮೇಲೆ ಕಿರೀಟದಂಥ ಬೋರ್ಡು, ಎರಡೂ ಪಕ್ಕಕ್ಕೆ ನವಿಲು, ಹಿಂದೆ ಓಡುವ ಟಗರು, ನಾಲ್ಕು ಬಣ್ಣದ ಲೈಟು ಬೇಕು ಅಂದ ಯತ್ತಪ್ಪ.

"ಕುರಿ ಎಲ್ಲಿ ಕೂರ್ತಾವೆ?" ಕೇಳಿದ ಹನುಮಣ್ಣ.

"ಅದನ್ನ ನೀನು ನೋಡ್ಕೋ."

ಹನುಮಣ್ಣ ಕಿರೀಟ ಅಳಿಸಿದ, ನವಿಲು ಅಳಿಸಿದ. ಮಡ್‌ಗಾರ್ಡನ್ನು ಬೆರಳಿನಿಂದ ತಟ್ಟಿ, "ಇದನ್ನ ಮಾತ್ರ ಮುಟ್ಟಲ್ಲಪ್ಪ. ಇಂಥ ತಗಡು ಈಗ ಹುಡುಕಿದ್ರೂ ಸಿಗಲ್ಲ. ಕಬ್ಬಿಣದ ಆಂಗಲ್ಲು, ಮೇಲೊಂದು ಹಲಗೆ ಅಟ್ಟ, ಅದರ ಮೇಲೆ ತಗಡಿನ ನೆರಳು. ಮೂರು ದಿನದ ಕೆಲ್ಸ. ಬಾಲರಾಜೂ ಹಿಂಗೇ ಮಾಡ್ಸಿದ್ದು," ಅಂದ.

ಬಾಲರಾಜು ಎಂಬ ಹೆಸರು ಕಿವಿಗೆ ಬಿದ್ದದ್ದೇ ತಪ್ಪಾಯಿತು. "ಅವನು ಪರ್ಮಿಷನ್ ತಗೊಂಡಿದ್ನಾ?"

"ಅಟ್ಟಕ್ಕೆ ಯಾವನಯ್ಯಾ ಪರ್ಮಿಷನ್ ತಗೊಳ್ಳೋದು?"

"ನಾನು ತಗೊಳ್ತೀನಿ," ಅಂದ ಯತ್ತಪ್ಪ. ಹಟ್ಟಿಯಲ್ಲಿ ಎಸ್ಸೆಸ್ಸೆಲ್ಸಿ ಒಂದೇ ಏಟಿಗೆ ಪಾಸಾದವನು ಅವನೊಬ್ಬನೇ. "ದುಂಡು ಸೀಲು ಹೊಡೆಸಿ, ಕಟ್ಟು ಹಾಕ್ಸಿ ಸ್ಟೇರಿಂಗ್ ಮೇಲೆ ನೇತಾಕ್ತೀನಿ. ಬಾಲರಾಜು ನೋಡಿ ಉರ್ಕೋಬೇಕು."

ಹೀಗೆ, ಯಾರೂ ಕರೆಯದೆ, ಯಾರೂ ಹಿಡಿಯದೆ, ತನ್ನ ಕಾಲ ಮೇಲೆ ತಾನೇ ನಡೆದು ಯತ್ತಪ್ಪ ವಾಹನ ದೇಹ ಪರಿಷ್ಕರಣಾ ಉಪವಿಭಾಗದ ಕಚೇರಿಗೆ ಹೋದ. ಹಳೇ ಶೇಂಗಾ ಗೋಡೌನಿನಲ್ಲಿದ್ದ ಆ ಕಚೇರಿಗೆ ಹನ್ನೊಂದು ವರ್ಷದಲ್ಲಿ ಬಂದ ಮೊದಲ ಅರ್ಜಿ ಅದು. ಅಧೀಕ್ಷಕ ಓಬಳೇಶ್ ಸಾಹೇಬರು ಸಂತೋಷದಿಂದ ಎದ್ದು ನಿಂತರು, ಮೇಜಿನ ಧೂಳು ಒರೆಸಿದರು, ನಿಯಮ ಓದಿದರು.

"ಅಟ್ಟದ ತೂಕ ಎಷ್ಟು?"

"ಇನ್ನೂ ಮಾಡ್ಸಿಲ್ಲ ಸಾರ್."

"ಮಾಡ್ಸಿದ್ರೆ ಅಪರಾಧ. ಮಾಡ್ಸದೆ ಇದ್ರೆ ತೂಕ ಗೊತ್ತಾಗಲ್ಲ. ಆದ್ದರಿಂದ ಮಾಡ್ಸಿ, ಮಾಡ್ಸಿಲ್ಲ ಅಂತ ಬರ್ಕೊಡಿ."

ಯತ್ತಪ್ಪನಿಗೆ ಇದು ಸರಿಯೆನಿಸಿತು. ಹನುಮಣ್ಣ ಅಟ್ಟ ಮಾಡಿದ. ಎಣ್ಣೆ ಮಿಲ್ಲಿನ ವೇಬ್ರಿಡ್ಜಿನಲ್ಲಿ ತೂಗಿದರು. ಸ್ಟಾಂಪ್ ಪೇಪರಿನ ಮೇಲೆ ಹೀಗೆ ದಾಖಲಾಯಿತು: "ಸದರಿ ಅಟ್ಟವು ಅಸ್ತಿತ್ವದಲ್ಲಿ ಇರುವುದಿಲ್ಲ. ಅಸ್ತಿತ್ವದಲ್ಲಿ ಇಲ್ಲದ ಸದರಿ ಅಟ್ಟದ ತೂಕ ಮುನ್ನೂರ ಹತ್ತು ಕೆ.ಜಿ. ಮಾತ್ರ."

ಆಮೇಲೆ ಗಾಡಿಯ ಮೂಲ ತೂಕ ಬೇಕಾಯಿತು. ಕಂಪನಿಯಿಂದ ಬಂದಾಗ ಇರದ ಯಾವ ಭಾಗವೂ ಮೂಲ ತೂಕದಲ್ಲಿ ಸೇರತಕ್ಕದ್ದಲ್ಲ. ಓಬಳೇಶ್ ಸಾಹೇಬರು ಬಗ್ಗಿ ಟೈರು ನೋಡಿದರು.

"ಇವು ಅರವತ್ತಾರನೇ ಇಸವಿ ಟೈರಾ?"

"ಅರವತ್ತಾರರ ಟೈರಲ್ಲಿ ಮೊಳಕಾಲ್ಮೂರಿನ ತನಕಾನೂ ಹೋಗಕ್ಕಾಗಲ್ಲ ಸಾರ್. ಹೋದ್ ವರ್ಸ ಹಾಕ್ಸಿದ್ದು."

"ಬಿಚ್ಚಿ."

ನಾಲ್ಕೂ ಚಕ್ರ ಬಿಚ್ಚಿ, ಅರಗಿನ ಮುದ್ರೆ ಒತ್ತಿ, ರೆಕಾರ್ಡ್ ರೂಮಿನಲ್ಲಿ ಇಟ್ಟರು. ಗಾಡಿ ಕಚೇರಿ ಅಂಗಳದಲ್ಲಿ ಎಂಟು ಸೈಜುಗಲ್ಲಿನ ಮೇಲೆ ಕೂತಿತು. ಚಕ್ರವಿಲ್ಲದ್ದರಿಂದ ಅದನ್ನು ವೇಬ್ರಿಡ್ಜಿಗೆ ಒಯ್ಯುವಂತಿರಲಿಲ್ಲ. ತಕ್ಕಡಿಯೇ ಗಾಡಿಯ ಹತ್ತಿರ ಬರಬೇಕೆಂದು ಚಿತ್ರದುರ್ಗಕ್ಕೆ ಪತ್ರ ಹೋಯಿತು. ಅಷ್ಟರೊಳಗೆ ಪ್ರಾಯೋಗಿಕ ಜೋಡಣೆ ಮುಗಿಸಿಬಿಡಿ ಅಂದರು ಸಾಹೇಬರು. ಹನುಮಣ್ಣ ಅಟ್ಟ ಕೂರಿಸಿ ವೆಲ್ಡಿಂಗ್ ಹೊಡೆದ, ಮೇಲೆ ತಗಡು ಹಾಕಿದ. "ಮೆಟ್ಲೆಲ್ರಿ? ಕುರಿ ಏನು ಹಾರ್ತಾವಾ?" ಅಂದರು ಸಾಹೇಬರು. ಮೆಟ್ಟಿಲು ಬಂತು. ಗಾಳಿಗೆ ಕಿಟಕಿ ಬಂತು. ಹಿಂದೆ ಚಿಲಕದ ಬಾಗಿಲು ಬಂತು.

ಯುಗಾದಿ ಬಂತು, ಹೋಯಿತು. ತಕ್ಕಡಿ ಬರಲಿಲ್ಲ.

ಬಿಡಿಭಾಗ ಕಳುವಾಗಬಾರದೆಂದು ಯತ್ತಪ್ಪ ಗಾಡಿಯೊಳಗೇ ಮಲಗತೊಡಗಿದ. ಸುದ್ದಿ ತಿಳಿದು ಅವನ ಅವ್ವ ಕರಿಯಕ್ಕ ಬಸ್ಸು ಹತ್ತಿ ಬಂದಳು. ಮಗ ಹೋಟ್ಲಿನ ಅನ್ನ ತಿನ್ನುವುದು ನೋಡಿ ಹಣೆ ಚಚ್ಚಿಕೊಂಡಳು. ಕುರಿ ಕಾಯುವ ಮಂದಿ ಎಲ್ಲಿ ರೊಪ್ಪ ಹಾಕಿದರೂ ಮೊದಲು ಮೂರು ಕಲ್ಲು ಹೂಡುತ್ತಾರೆ. ಒಲೆ ಹಚ್ಚದ ಜಾಗದಲ್ಲಿ ಮಲಗಬಾರದು ಅನ್ನುವುದು ಅವರ ರೂಢಿ. ಕರಿಯಕ್ಕ ಗಾಡಿಯ ಬಾಗಿಲ ಬಳಿ ಮೂರು ಕಲ್ಲು ಹೂಡಿದಳು, ಮುದ್ದೆಗೆ ಎಸರಿಟ್ಟಳು, ಒಳಗೆ ಕಂಬಳಿ ಹಾಸಿದಳು.

ಎರಡು ಸಾವಿರದ ಇಸವಿಯ ಬೇಸಿಗೆ ಅದು. ಜನಗಣತಿಗೆ ಮುಂಚೆ ಮನೆ ಎಣಿಸುವ ಕೆಲಸ ನಡೆದಿತ್ತು. ಕೊಟ್ರಮ್ಮ ಎಂಬ ಮೇಡಂ ಬಣ್ಣದ ಡಬ್ಬಿ, ಬ್ರಷ್ಷು ಹಿಡಿದು ಅಂಗಳಕ್ಕೆ ಬಂದರು. ಹೊಗೆ ಕಂಡಿತು.

"ಒಲೆ ಯಾರ್ದಮ್ಮಾ?"

"ನಮ್ದೇ ಕಣವ್ವ. ಕುಂತ್ಕೊ, ಮುದ್ದೆ ಉಣ್ಣು."

ಕೊಟ್ರಮ್ಮ ಕೂತರು, ಉಂಡರು, ಫಾರಂ ತೆಗೆದರು. ಗೋಡೆ ತಗಡು. ಚಾವಣಿ ತಗಡು. ಬಾಗಿಲು ಒಂದು, ಕಿಟಕಿ ಎರಡು. ಯತ್ತಪ್ಪನ ಕಡೆ ತಿರುಗಿ, "ಬಾಡಿಗೇದೇನಪ್ಪಾ?" ಅಂದರು.

ಯತ್ತಪ್ಪ ಎದ್ದು ನಿಂತ. "ಯಾರಿಗೆ ಕೇಳ್ತಿದೀರಿ ಮೇಡಂ? ಸ್ವಂತದ್ದು! ಬರ್ಕೊಳ್ಳಿ, ಪೂರ್ತಿ ಸ್ವಂತದ್ದು!"

"ಎಷ್ಟು ಅಂತಸ್ತು?"

"ಎರಡು. ನಮ್ಮ ಹಟ್ಟೀಲಿ ಇನ್ಯಾವನಿಗಾದ್ರೂ ಎರಡು ಐತಾ ಕೇಳ್ನೋಡಿ!"

ಕೊಟ್ರಮ್ಮ ಬರೆದುಕೊಂಡು, ಎದ್ದು, ಟಗರುಮೂತಿಯ ಪಕ್ಕ ಕೆಂಪು ಬಣ್ಣದಲ್ಲಿ ೧೧೮/ಎ ಎಂದು ಚೆಂದವಾಗಿ ಬರೆದು ಸುತ್ತ ಒಂದು ಚೌಕ ಹಾಕಿದರು. ಕರಿಯಕ್ಕ ಅದಕ್ಕೆ ಕುಂಕುಮ ಇಟ್ಟಳು.

ಮಾರನೆಯ ದಿನ ಓಬಳೇಶ್ ಸಾಹೇಬರು ಆ ನಂಬರನ್ನು ನೋಡಿ ನಿಯಮದ ಪುಸ್ತಕ ತೆರೆದರು. ನಿಯಮ ಸ್ಪಷ್ಟವಾಗಿತ್ತು. ಮನೆ ನಂಬರು ಇರುವ ವಸ್ತುವಿನ ದೇಹ ಪರಿಷ್ಕರಿಸುವ ಅಧಿಕಾರ ಉಪವಿಭಾಗಕ್ಕೆ ಇರಲಿಲ್ಲ.

"ಸಾರ್, ಒರೆಸಿದ್ರೆ ಹೋಗುತ್ತೆ ಸಾರ್, ಬರೀ ಬಣ್ಣ!" ಯತ್ತಪ್ಪ ಮೊದಲ ಸಲ ಕೈಮುಗಿದ. "ಎರಡ್ನೇ ಸಂತೆ ಬರೋ ಸೋಮಾರನೇ ಸಾರ್. ಚಕ್ರ ಕೊಟ್ಬಿಡಿ, ಅಟ್ಟ ಬೇಕಾದ್ರೆ ಬಿಚ್ಚಿ ಎಸೀತೀನಿ."

"ಗಣತಿ ನಂಬರ್ ಅಳಿಸೋದು ಅಪರಾಧ. ವಾಸದ ಮನೇಗೆ ಚಕ್ರ ಕೊಡೋದು ಅದಕ್ಕಿಂತ ದೊಡ್ಡ ಅಪರಾಧ. ನಾಳೆ ನೀವು ಮನೆ ಓಡಿಸ್ಕೊಂಡು ಹೋದ್ರೆ ತಾಲೂಕಿನ ಲೆಕ್ಕದಲ್ಲಿ ಒಂದು ಮನೆ ಕಮ್ಮಿ ಆಗಲ್ವೇನ್ರಿ?"

ಯತ್ತಪ್ಪನ ಒಂದೇ ಏಟಿನ ಎಸ್ಸೆಸ್ಸೆಲ್ಸಿಯಲ್ಲಿ ಇದನ್ನು ಕಲಿಸಿರಲಿಲ್ಲ.

ಸೋಮವಾರ ಬಾಲರಾಜುವಿನ ಲಾರಿ ಹಟ್ಟಿಯ ಕುರಿ ತುಂಬಿಕೊಂಡು ಚಳ್ಳಕೆರೆಗೆ ಬಂತು. ಜಂಪಣ್ಣ ಇಳಿದು, ನಡೆದು, ಕಚೇರಿ ಅಂಗಳಕ್ಕೆ ಬಂದ. ಸೈಜುಗಲ್ಲಿನ ಸುತ್ತ ಒಂದು ಸುತ್ತು ಹಾಕಿದ. ಮೆಟ್ಟಿಲು ಹತ್ತಿ ಮೇಲಿನ ಅಟ್ಟದಲ್ಲಿ ಕಾಲು ಚಾಚಿ ನೋಡಿದ.

"ಗಾಳಿ ಚೆಂದ ಆಡ್ತೈತೆ ಕಣ್ಲಾ," ಅಂದ.

"ಮಾವ, ಮುಂದಿನ ವರ್ಸ—"

"ಕುರಿ ಬಾಲರಾಜುಗೇ ಕೊಟ್ಟಾಯ್ತು, ಅದು ಮುಗೀತು. ಆದ್ರೂ ಟೌನಲ್ಲಿ ಮನೆ ಮಾಡ್ದವನು ನಮ್ಮ ಹಟ್ಟೀಲಿ ನೀನೊಬ್ನೇ ಬಿಡು. ಸಂತೆ ದಿನ ಮಧ್ಯಾಹ್ನ ಇಲ್ಲೇ ಮಲಗ್ತೀವಿ. ಕರಿಯಕ್ಕಾ, ಒಂದು ಮುದ್ದೆ ಹೆಚ್ಚಿಗೆ ಹಾಕು."

ಹಟ್ಟಿಯವರೆಲ್ಲ ಒಪ್ಪಿದರು. ಓಬಳೇಶ್ ಸಾಹೇಬರು, ಹನ್ನೊಂದು ವರ್ಷದ ಏಕೈಕ ಅರ್ಜಿ ವಿಲೇವಾರಿಯಾಯಿತೆಂದು, ಕಚೇರಿಯಲ್ಲಿ ಪೇಡ ಹಂಚಿದರು. ಕಡತ ಕಟ್ಟಡ ಶಾಖೆಗೆ ವರ್ಗವಾಯಿತು. ಅಲ್ಲಿಯವರು ಬಂದು ನೋಡಿ, ಮಹಡಿಯನ್ನು ಅನುಮತಿಯಿಲ್ಲದೆ ಕಟ್ಟಲಾಗಿದೆ ಎಂದು ನೋಟಿಸು ಅಂಟಿಸಿದರು. ಯತ್ತಪ್ಪ ಅರ್ಜಿ ಹಾಕಿದ. ಮಹಡಿಯ ತೂಕದ ಪತ್ರ ಮೊದಲೇ ಸಿದ್ಧವಿದ್ದ ಮನೆಯನ್ನು ಆ ಶಾಖೆ ಹಿಂದೆಂದೂ ಕಂಡಿರಲಿಲ್ಲವಾದ್ದರಿಂದ ಒಂದೇ ದಿನದಲ್ಲಿ ಆದೇಶವಾಯಿತು.

ಯತ್ತಪ್ಪನಿಗೆ ಕೊಟ್ಟಿದ್ದು, ದುಂಡು ಸೀಲು ಹೊಡೆದ, ಮನೆ ನಂಬರ್ ೧೧೮/ಎ ಮೇಲೆ ಒಂದು ಮಹಡಿ ಕಟ್ಟಿಕೊಳ್ಳಲು ಅನುಮತಿಪತ್ರ.